ಸ್ಪೇನ್ ಮನೆಯ ಬಾಡಿಗೆ: ಯೂರೋ ಯಾವ ಖಾತೆಗೆ ಬರಲಿ?

ಸ್ಪೇನಿನಲ್ಲಿ ರಜೆ ಮನೆ, ಅತಿಥಿಗಳು ಜರ್ಮನಿಯವರು, ನೀವಿರುವುದು ಲಂಡನ್ನಿನಲ್ಲಿ. ಬಾಡಿಗೆ ಸ್ಪೇನಿನ ಯೂರೋ ಖಾತೆಗೆ ಬರಲಾ, ಲಂಡನ್ನಿನ ಪೌಂಡ್ ಖಾತೆಗಾ, ಕಾರ್ಡಿನಲ್ಲಾ ಅಂತ ಕೇಳಿದ್ದೀರಿ.

ಮೊದಲು ಖರ್ಚು ನೋಡೋಣ, ಹಣ ಸೋರುವುದು ಅಲ್ಲೇ. ಜರ್ಮನಿಯಿಂದ ಸ್ಪೇನಿಗೆ ಯೂರೋ ಕಳಿಸಿದರೆ ಅದು ಸೆಪಾ ವರ್ಗಾವಣೆ, ಅಂದರೆ ಯೂರೋಪಿನ ಬ್ಯಾಂಕುಗಳ ನಡುವೆ ಯೂರೋ ಕಳಿಸುವ ಏಕರೂಪ ವ್ಯವಸ್ಥೆ. ದೇಶದೊಳಗೆ ಕಳಿಸಲು ಎಷ್ಟು ಶುಲ್ಕವೋ ಇದಕ್ಕೂ ಅಷ್ಟೇ, ಐರೋಪ್ಯ ಒಕ್ಕೂಟದ ಕಾನೂನು ಹಾಗಿದೆ. ಬ್ರಿಟನ್ ಈಗಲೂ ಸೆಪಾದಲ್ಲಿದೆ, ಆದರೆ ಒಕ್ಕೂಟ ಬಿಟ್ಟ ಮೇಲೆ ಆ ಸಮಾನ ಶುಲ್ಕದ ರಕ್ಷಣೆ ಇಲ್ಲ. ಪೌಂಡ್ ಖಾತೆಯಾದರೆ ಬ್ಯಾಂಕು ಪ್ರತಿ ಸಲವೂ ತನ್ನ ದರದಲ್ಲಿ ಯೂರೋ ಬದಲಾಯಿಸುತ್ತದೆ. 600 ಯೂರೋ ಬಾಡಿಗೆಯಲ್ಲಿ ದರ ಶೇ. 3 ಕಡಿಮೆ ಸಿಕ್ಕಿತು ಅಂದುಕೊಳ್ಳಿ, 18 ಯೂರೋ ಸುಮ್ನೆ ಹೋಯಿತು. ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ಬಂದರೆ ಮಧ್ಯದ ಬ್ಯಾಂಕೂ ಒಂದಿಷ್ಟು ಮುರಿದುಕೊಳ್ಳಬಹುದು.

ವೇಗದಲ್ಲೂ ಸೆಪಾ ಮುಂದು. ಯೂರೋ ವಲಯದ ಬ್ಯಾಂಕುಗಳು 2025ರ ಅಕ್ಟೋಬರ್ 9ರಿಂದ 10 ಸೆಕೆಂಡಿನ ವರ್ಗಾವಣೆಯನ್ನು ಮಾಮೂಲಿಗಿಂತ ಜಾಸ್ತಿ ಶುಲ್ಕವಿಲ್ಲದೆ ಕೊಡಬೇಕು.

ಕಾರ್ಡ್ ಅತಿಥಿಗೆ ಸಲೀಸು. ಕೊನೆ ಗಳಿಗೆಯ ಬುಕಿಂಗಿಗೆ ಒಳ್ಳೆಯದು. ಆದರೆ ಪ್ರತಿ ಪಾವತಿಗೂ ನಿಮಗೆ ಕಮಿಷನ್ ಬೀಳುತ್ತದೆ, ತಗಾದೆ ಎದ್ದರೆ ಹಣ ವಾಪಸ್ ಹೋಗಲೂಬಹುದು.

ಕರೆಂಟ್ ಬಿಲ್, ಮನೆ ತೆರಿಗೆ ಎಲ್ಲ ಸ್ಪೇನಿನಲ್ಲೇ ಕಟ್ಟುತ್ತೀರಲ್ವಾ? ಹಾಗಿದ್ದರೆ ಬಾಡಿಗೆಯೂ ಅಲ್ಲೇ ಇರಲಿ, ಬದಲಾಯಿಸುವ ಗೋಜೇ ಬೇಡ. ವರ್ಷಕ್ಕೆ ಎರಡು ವಾರ ಮಾತ್ರ ಬಾಡಿಗೆ ಕೊಡುವವರಾದರೆ ಆ ಖಾತೆಯ ವಾರ್ಷಿಕ ಶುಲ್ಕವನ್ನು ಮೊದಲು ಕೇಳಿ. ಅದು ಜಾಸ್ತಿಯಾದರೆ ಪೌಂಡ್ ಖಾತೆಯೇ ಸಾಕು.