‘ನಿಮ್ಮ ಉತ್ತರ ಗೌಪ್ಯವಾಗಿರುತ್ತದೆ’: ಮೂರು ಸಲ ತುಂಬಿದ ಆಫೀಸ್ ಸರ್ವೇ ಬಗ್ಗೆ

ಅಪ್ರೈಸಲ್ ಮುಗಿದು ತಿಂಗಳಾಗುತ್ತಿದ್ದ ಹಾಗೆ ನಮ್ಮ ಕಂಪನಿಯಲ್ಲಿ ಉದ್ಯೋಗಿ ತೃಪ್ತಿ ಸರ್ವೇ ಶುರುವಾಗುತ್ತದೆ. ನಡೆಸುವುದು ಹೊರಗಿನ ಒಂದು ಸಂಸ್ಥೆ. ನಾನು ಮಾನ್ಯತಾ ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ಇದನ್ನು ಮೂರು ಸಲ ತುಂಬಿದ್ದೇನೆ. ‘ನಂಬಬಹುದಾ?’ ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ 5ಕ್ಕೆ 3 ಸ್ಟಾರ್. ಅಂಕಿ ಕೊಡುವ ಭಾಗಕ್ಕೆ 4, ‘ನಿಮ್ಮ ಮಾತಿನಲ್ಲಿ ಬರೆಯಿರಿ’ ಅನ್ನುವ ಬಾಕ್ಸಿಗೆ 2.

ಮೊದಲ ವರ್ಷ ನಮಗೆ ಸೆಕೆಂಡ್ ಶಿಫ್ಟ್ ಇತ್ತು. ರಾತ್ರಿ ಹನ್ನೊಂದೂವರೆಗೆ ಹೊರಟ ಕ್ಯಾಬ್ ಹೆಬ್ಬಾಳ, ಯಲಹಂಕ ಅಂತ ಒಬ್ಬೊಬ್ಬರನ್ನೇ ಇಳಿಸುತ್ತಾ ರಾಜಾನುಕುಂಟೆ ಮುಟ್ಟುವಷ್ಟರಲ್ಲಿ ಒಳಗೆ ನಾನು, ಡ್ರೈವರ್ ಇಬ್ಬರೇ. ಕೊನೆಗೆ ಇಳಿಯುವವರು ಹೆಂಗಸಾದರೆ ಗಾರ್ಡ್ ಇರಬೇಕೆಂದು ಕಂಪನಿಯದೇ ನಿಯಮ. ವಾರಕ್ಕೆ ಎರಡು ದಿನವಾದರೂ ಗಾರ್ಡ್ ಇರುತ್ತಿರಲಿಲ್ಲ. ಸರ್ವೇಯ ಕೊನೆಯ ಬಾಕ್ಸಿನಲ್ಲಿ ಇದನ್ನೇ ಬರೆದೆ.

ಮೂರು ವಾರದ ಮೇಲೆ ಮೀಟಿಂಗ್ ರೂಮಿನ ಪರದೆಯ ಮೇಲೆ ನನ್ನ ವಾಕ್ಯ ಒಂದಕ್ಷರವೂ ಬದಲಾಗದೆ ಬಂತು. ಹೆಸರಿರಲಿಲ್ಲ. ಆದರೆ ನಾನು ಏನೇ ಟೈಪ್ ಮಾಡಿದರೂ ವಾಕ್ಯದ ಕೊನೆಗೆ ಎರಡು ಚುಕ್ಕಿ ಇಡುತ್ತೇನೆ, ಕಾಲೇಜಿನಿಂದ ಅಂಟಿಕೊಂಡ ಅಭ್ಯಾಸ. ಪರದೆಯ ಮೇಲೂ ಆ ಎರಡು ಚುಕ್ಕಿ ಇದ್ದವು. ನನ್ನ ಬಗ್ ರಿಪೋರ್ಟುಗಳನ್ನು ದಿನಾ ಓದುವ ಟೀಮಿನ ಐದು ಜನ ಗಂಡಸರೂ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಸಂಜೆ ಮ್ಯಾನೇಜರ್ ಕರೆದು, “ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲಮ್ಮ, ಮೇಲಿನವರೆಲ್ಲ ಓದಿದ್ದಾರೆ” ಅಂದರು. ಅವರೇನೂ ಬೈಯಲಿಲ್ಲ. ಆದರೂ ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಸರ್ವೇ ಸಂಸ್ಥೆ ಇಲ್ಲಿ ಮಾತು ತಪ್ಪಿರಲಿಲ್ಲ, ನನ್ನ ಹೆಸರನ್ನು ಯಾರಿಗೂ ಕೊಟ್ಟಿರಲಿಲ್ಲ. ನಾನು ಬರೆದ ವಿಷಯ, ಬರೆದ ರೀತಿ ಎರಡೂ ನಾನು ಯಾರೆಂದು ಹೇಳಿಬಿಟ್ಟವು. ಆರು ಜನರ ಟೀಮಿನಲ್ಲಿ ರಾಜಾನುಕುಂಟೆಯ ಕಡೆ ಹೋಗುವವಳು ನಾನೊಬ್ಬಳೇ.

ಎರಡನೇ ವರ್ಷ ಸ್ವಲ್ಪ ಪರೀಕ್ಷೆ ಮಾಡಿ ನೋಡಿದೆ, ಕಸುಬೇ ಅದಲ್ಲವೇ. ನನಗೆ ಬಂದ ಲಿಂಕ್, ಪಕ್ಕದ ಸೀಟಿನ ಗೆಳತಿಗೆ ಬಂದ ಲಿಂಕ್ ಎರಡನ್ನೂ ಅಕ್ಕಪಕ್ಕ ಇಟ್ಟೆವು. ಕೊನೆಯ ಉದ್ದನೆಯ ಅಕ್ಷರಮಾಲೆ ಬೇರೆ ಬೇರೆ. ನಾನು ತುಂಬಿದ ಮೇಲೆ ನನ್ನ ಲಿಂಕನ್ನು ಅವಳ ಫೋನಿನಲ್ಲಿ ತೆರೆದರೆ ‘ನೀವು ಈಗಾಗಲೇ ಉತ್ತರಿಸಿದ್ದೀರಿ’ ಅಂತ ಬಂತು. ತುಂಬದವರಿಗೆ ಮಾತ್ರ ನೆನಪಿನ ಮೇಲ್ ಹೋಗುತ್ತಿತ್ತು. ಅಂದರೆ ಯಾರು ತುಂಬಿದರು ಅನ್ನುವುದು ವ್ಯವಸ್ಥೆಗೆ ಗೊತ್ತು.

ಎಚ್‌ಆರ್‌ನವರನ್ನು ನೇರವಾಗಿ ಕೇಳಿದೆ. ಅವರು ಮುಚ್ಚುಮರೆ ಇಲ್ಲದೆ ಉತ್ತರಿಸಿದ್ದಕ್ಕೆ ಒಂದು ಸ್ಟಾರ್ ಪೂರ್ತಿ ಸಲ್ಲಬೇಕು: “ಇದು ಗೌಪ್ಯ, ಅನಾಮಧೇಯ ಅಲ್ಲ.” ಅನಾಮಧೇಯ ಅಂದರೆ ಉತ್ತರ ಯಾರದ್ದೆಂದು ಯಾರಿಗೂ ಗೊತ್ತಾಗದು. ಗೌಪ್ಯ ಅಂದರೆ ಆ ಸಂಸ್ಥೆಗೆ ಗೊತ್ತಿರುತ್ತದೆ, ನಮ್ಮ ಕಂಪನಿಗೆ ಹೇಳುವುದಿಲ್ಲ. ಉದ್ಯೋಗಿ ಸಂಖ್ಯೆಯಿಂದ ಶಿಫ್ಟ್, ವಿಭಾಗ, ಸೇವೆಯ ವರ್ಷ ಎಲ್ಲ ಮೊದಲೇ ಉತ್ತರಕ್ಕೆ ಜೋಡಿಸಿರುತ್ತಾರೆ. ಐದಕ್ಕಿಂತ ಕಡಿಮೆ ಜನರ ಗುಂಪಿನ ಫಲಿತಾಂಶ ಮ್ಯಾನೇಜರಿಗೆ ಕಾಣುವುದಿಲ್ಲ. ಕಲ್ಚರ್ ಆಂಪ್, ವಿವಾ ಗ್ಲಿಂಟ್‌ನಂಥ ಹೆಸರಾದ ಸರ್ವೇ ಸಾಧನಗಳಲ್ಲೂ ಸಾಮಾನ್ಯವಾಗಿ ಇದೇ 5ರ ಮಿತಿ.

ಈ ಐದರ ಲೆಕ್ಕದಲ್ಲೂ ಒಂದು ಕಿಂಡಿ ಉಂಟು. ನಮ್ಮ ಆರು ಜನರ ಸರಾಸರಿ 3.5 ಅಂದುಕೊಳ್ಳಿ, ಒಟ್ಟು 21. ಗಂಡಸರು ಐದು ಜನ, ಅವರ ಸರಾಸರಿ 4 ಎಂದರೆ ಒಟ್ಟು 20. ಎರಡು ಗುಂಪೂ ಮಿತಿ ದಾಟಿವೆ, ಎರಡೂ ಕಾಣುತ್ತವೆ. 21ರಲ್ಲಿ 20 ಕಳೆದರೆ ಉಳಿದ 1 ನನ್ನದೇ! ಚೆನ್ನಾಗಿ ಮಾಡಿದ ಸಾಧನಗಳು ಇಂಥ ಕಳೆಯುವ ಲೆಕ್ಕಕ್ಕೆ ಎಡೆ ಕೊಡದಂತೆ ಎರಡನೇ ಗುಂಪನ್ನೂ ಮರೆಮಾಡುತ್ತವೆ. ನಿಮ್ಮಲ್ಲಿ ಹಾಗೆ ಮಾಡುತ್ತಾರಾ ಅಂತ ಕೇಳಿಕೊಳ್ಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆಫೀಸಿನವರೇ ಗೂಗಲ್ ಫಾರ್ಮಿನಲ್ಲಿ ಮಾಡಿ ಕಳಿಸುವ ಸರ್ವೇ ವಿಷಯ ಬೇರೆ. ನಿಮ್ಮ ಇಮೇಲ್ ದಾಖಲಾಗುತ್ತದೆಯೋ ಇಲ್ಲವೋ ಅನ್ನುವುದು ಫಾರ್ಮಿನ ಮೇಲ್ಗಡೆಯೇ ಇರುತ್ತದೆ. ಮೊದಲು ಅದನ್ನು ಓದಿ.

ಹಾಗಂತ ತುಂಬುವುದೇ ಬೇಡ ಅನ್ನಲಾರೆ. ಕೆಲಸದ ಹೊರೆ ಬಗ್ಗೆ ನಮ್ಮ ಇಡೀ ವಿಭಾಗ ಎರಡು ವರ್ಷ ಕಡಿಮೆ ಅಂಕಿ ಕೊಟ್ಟ ಮೇಲೆಯೇ ಶನಿವಾರದ ರಿಲೀಸ್ ನಿಂತದ್ದು. ನೂರಾರು ಜನರ ಅಂಕಿಯಲ್ಲಿ ನನ್ನದೂ ಒಂದು ಸೇರಿತ್ತು, ಅಲ್ಲಿ ನನ್ನನ್ನು ಯಾರೂ ಹುಡುಕಲಾರರು. ಆದರೆ ಕ್ಯಾಬ್ ವಿಷಯ ಸರಿಹೋದದ್ದು ಸರ್ವೇಯಿಂದಲ್ಲ. ದಿನಾಂಕ, ಗಾಡಿ ನಂಬರ್ ಸಮೇತ ಟ್ರಾನ್ಸ್‌ಪೋರ್ಟ್ ಡೆಸ್ಕಿಗೆ ನನ್ನ ಹೆಸರಿನಲ್ಲೇ ಮೇಲ್ ಹಾಕಿ, ಮ್ಯಾನೇಜರಿಗೂ ಕಾಪಿ ಕಳಿಸಿದೆ. ಎಂಟನೇ ದಿನಕ್ಕೆ ರೂಟ್ ಬದಲಾಯಿತು.

ಈ ವರ್ಷ ಸರ್ವೇ ತೆರೆದ ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ನನ್ನ ಸೀಟಿಗೆ ಬಂದಳು. “ಅಕ್ಕಾ, ಇದರಲ್ಲಿ ಬರೀಲಾ?” ಬಾಕ್ಸಿನಲ್ಲಿ ನಾಲ್ಕು ಸಾಲು ಆಗಲೇ ಟೈಪ್ ಮಾಡಿದ್ದಳು. ಸೀನಿಯರ್ ಒಬ್ಬ ರಾತ್ರಿ ಹೊತ್ತು ಕಳಿಸುತ್ತಿದ್ದ ಮೆಸೇಜುಗಳ ವಿಷಯ. ಓದಿ ನನ್ನ ಕೈ ತಣ್ಣಗಾಯಿತು. ಕಳಿಸುವ ಗುಂಡಿ ಒತ್ತಬೇಡ ಅಂದೆ. ಆ ಬಾಕ್ಸಿನಲ್ಲಿ ಬರೆದದ್ದು ದೂರು ಆಗುವುದಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಅದಕ್ಕೆ ಲಿಖಿತ ದೂರು ಕೊಡಬೇಕು. ದೂರು ಕೊಟ್ಟವರ ಹೆಸರನ್ನು ಬಹಿರಂಗ ಮಾಡಬಾರದೆಂದು ಆ ಕಾಯ್ದೆಯೇ ಹೇಳುತ್ತದೆ.

ಪ್ಯಾಂಟ್ರಿಯಲ್ಲಿ ನೀರಿನ ಫಿಲ್ಟರ್ ಪಕ್ಕ ಸಮಿತಿಯವರ ಹೆಸರಿರುವ ಹಾಳೆ ಅಂಟಿಸಿದ್ದಾರೆ. ಕರೆದುಕೊಂಡು ಹೋಗಿ ತೋರಿಸಿದೆ, ಅವಳು ಫೋಟೊ ತೆಗೆದುಕೊಂಡಳು. ಮಾರನೇ ದಿನ ಊಟದ ಹೊತ್ತಿನಲ್ಲಿ ಇಬ್ಬರೂ ಕೂತು ದೂರು ಬರೆದೆವು, ಒಂದೊಂದು ಮೆಸೇಜಿನ ತಾರೀಖನ್ನೂ ಹಾಕಿ. ಕೊನೆಗೆ ಅವಳೇ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.