ಪಿಕಪ್ ಲೋಡ್ ಬಾಡಿಯ ರಾಪ್ಟರ್ ಲೈನರ್ ಕಿಟ್: ಹೇಗಿದೆ, ಹೇಗೆ ಹಚ್ಚುವುದು

ಬೊಲೆರೊ ಪಿಕಪ್‌ನಲ್ಲಿ ಇಟ್ಟಿಗೆ, ಕಬ್ಬಿಣ ಹೊರುವವರು ಧೈರ್ಯವಾಗಿ ಕೊಳ್ಳಬಹುದಾದ ಕಿಟ್ ಇದು: ಲೋಡ್ ಬಾಡಿಯ ತಗಡನ್ನು ಕಾಪಾಡಲು ಹಚ್ಚುವ ಗಟ್ಟಿ, ತರಿತರಿ ಕೋಟಿಂಗ್. 750 ಮಿ.ಲೀ. ಕೋಟಿಂಗ್ ಇರುವ ಬಾಟಲಿಗೇ 250 ಮಿ.ಲೀ. ಹಾರ್ಡ್ನರ್ (ಕೋಟಿಂಗ್ ಗಟ್ಟಿಯಾಗಿಸುವ ದ್ರವ) ಸುರಿದು, ಚೆನ್ನಾಗಿ ಕುಲುಕಿ, ಸ್ಪ್ರೇ ಗನ್‌ಗೆ ತಿರುಗಿಸಿ ಕೂರಿಸಿ. ಬೆರೆಸಿದ್ದು ಒಂದು ಗಂಟೆಯೊಳಗೆ ಮುಗಿಯಬೇಕು. ಏಪ್ರಿಲ್ ಬಿಸಿಲಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ಒಂದೊಂದೇ ಬಾಟಲಿ ಬೆರೆಸಿ.

ಪದರ ಎದ್ದುಬರುವುದು ಹೆಚ್ಚಾಗಿ ತಯಾರಿ ಸರಿಯಿಲ್ಲದಾಗ. ತುಕ್ಕನ್ನು ವೈರ್ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಹಳೆಯ ಬಣ್ಣದ ಹೊಳಪು ಹೋಗುವವರೆಗೆ 180 ನಂಬರಿನ ಎಮರಿ ಪೇಪರ್‌ನಲ್ಲಿ ಉಜ್ಜಿ. ತಗಡಿನ ಏಣುಗಳ ಸಂದಿಯನ್ನು ಎಲ್ಲರೂ ಮರೆಯುತ್ತಾರೆ, ಅಲ್ಲಿಂದಲೇ ಸಿಪ್ಪೆ ಏಳುವುದು. ಬರಿ ಕಬ್ಬಿಣ ಕಂಡಲ್ಲಿ ಎಪಾಕ್ಸಿ ಪ್ರೈಮರ್ (ಕೋಟಿಂಗ್‌ಗೆ ಮೊದಲು ಹಚ್ಚುವ ಅಡಿಬಣ್ಣ) ಬೇಕೇ ಬೇಕು. ನೀರು ಹೋಗುವ ತೂತುಗಳಿಗೆ ಟೇಪ್ ಹಚ್ಚಿ.

ಮೊದಲ ಕೋಟ್ ತೆಳ್ಳಗಿರಲಿ. ಸುಮಾರು ಒಂದು ಗಂಟೆ ಬಿಟ್ಟು ಎರಡನೆಯದು. ಬೆಂಗಳೂರಿನ ಮಳೆಗಾಲದಲ್ಲಿ ಬಯಲಲ್ಲಿ ಹಚ್ಚಬೇಡಿ: ಹಾರ್ಡ್ನರ್‌ನ ಐಸೊಸಯನೇಟ್ ತೇವದ ಜೊತೆ ಸೇರಿ ಗುಳ್ಳೆ ಎಬ್ಬಿಸುತ್ತದೆ. ಅದೇ ರಾಸಾಯನಿಕ ಶ್ವಾಸಕೋಶಕ್ಕೂ ಅಪಾಯ. ಬಟ್ಟೆ ಮಾಸ್ಕ್ ಸಾಲದು, ಆವಿ ಸೋಸುವ ಫಿಲ್ಟರ್ ಡಬ್ಬಿಯ ಕಾರ್ಟ್ರಿಡ್ಜ್ ಮಾಸ್ಕನ್ನೇ ಹಾಕಿ.

ಕಂಪ್ರೆಸರ್ ಇಲ್ಲದವರು ರೋಲರ್‌ನಲ್ಲೂ ಹಚ್ಚಬಹುದು. ತರಿ ಅಷ್ಟು ಸಮವಾಗಿ ಬರುವುದಿಲ್ಲ, ಅಷ್ಟೇ. ಭಾರೀ ಲೋಡಿಗೆ ಒಂದು ವಾರ ಕಾಯಿರಿ.