ಪುಕ್ಕಟೆ ಹೋಸ್ಟಿಂಗ್, ಎರಡು ವರ್ಷ: ಎಫ್‌ಟಿಪಿ ಹಚ್ಚಿಕೊಳ್ಳೋಕೆ ಮೂರು ರಾತ್ರಿ

ಕಲಬುರಗಿಯ ಬ್ರಹ್ಮಪುರದಲ್ಲಿ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಹುಡುಗರಿಗೆ ಗಣಿತ ಟ್ಯೂಷನ್ ಹೇಳುತ್ತೇನೆ. ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ನಾಲ್ಕು ದಿನದಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತು ಹೋಗುತ್ತಿದ್ದವು. "ಸರ್, ತ್ರಿಕೋನಮಿತಿ ಪಿಡಿಎಫ್ ಮತ್ತೊಮ್ಮೆ ಕಳಸ್ರಿ" ಅನ್ನೋದು ದಿನಾ ಇದ್ದದ್ದೇ. ಅದಕ್ಕೇ ಎರಡು ವರ್ಷದ ಹಿಂದೆ ಒಂದು ಪುಕ್ಕಟೆ ಹೋಸ್ಟಿಂಗ್‌ನಲ್ಲಿ, ಅಂದರೆ ಸೈಟಿಗೆ ಜಾಗ ಕೊಡುವ ಸೇವೆಯಲ್ಲಿ, ಸಣ್ಣ ಸೈಟು ಮಾಡಿದೆ. ಬೈಯುವುದೂ ಇರುವುದರಿಂದ ಅದರ ಹೆಸರು ಹೇಳುವುದಿಲ್ಲ.

ಖಾತೆ ತೆರೆದದ್ದು ಐದೇ ನಿಮಿಷದಲ್ಲಿ. ಎಫ್‌ಟಿಪಿ ಅಂದರೆ ನಮ್ಮ ಕಂಪ್ಯೂಟರಿನಿಂದ ಅವರ ಕಂಪ್ಯೂಟರಿಗೆ (ಸರ್ವರಿಗೆ) ಫೈಲು ಏರಿಸುವ ವಿಧಾನ. ಅದನ್ನು ಹಚ್ಚಿಕೊಳ್ಳುವುದರಲ್ಲೇ ಮೂರು ರಾತ್ರಿ ಹೋದವು.

ಕಾಲೇಜಿನಲ್ಲಿದ್ದಾಗ ಬ್ರೌಸರಿನ ಅಡ್ರೆಸ್ ಬಾರಿನಲ್ಲೇ ಎಫ್‌ಟಿಪಿ ವಿಳಾಸ ಹೊಡೆದು ಒಳಗೆ ಹೋದ ನೆನಪು. ಹಾಗೇ ಮಾಡಿದೆ, ಏನೂ ಬರಲಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಅದನ್ನು ಕಿತ್ತುಹಾಕಿವೆ. ಸರಿ ಅಂತ ಫೈಲ್‌ಜಿಲ್ಲಾ ಅನ್ನೋ ಎಫ್‌ಟಿಪಿ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದೂ ಪುಕ್ಕಟೆಯೇ.

ಖಾತೆ ತೆರೆದ ಇಮೇಲ್, ಅದರ ಪಾಸ್‌ವರ್ಡ್ ಕೊಟ್ಟೆ. 530 ಅಂತ ಬಂತು, ಅಂದರೆ ಲಾಗಿನ್ ತಪ್ಪು. ನಾಲ್ಕೈದು ಸಲ ಹೊಡೆದ ಮೇಲೆ ಸರ್ವರ್ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಗುಟ್ಟು ಇಷ್ಟೇ: ಎಫ್‌ಟಿಪಿಗೆ ಬೇರೆಯೇ ಯೂಸರ್‌ನೇಮು, ಬೇರೆಯೇ ಪಾಸ್‌ವರ್ಡು. ಅಕ್ಷರ, ಅಂಕಿ ಕಲಸಿದ ಆ ಹೆಸರು ಹೋಸ್ಟಿಂಗ್ ಸೈಟಿನ ಕಂಟ್ರೋಲ್ ಪ್ಯಾನೆಲಿನ ಮೂಲೆಯಲ್ಲಿತ್ತು. ಪಾಸ್‌ವರ್ಡ್ ನಕ್ಷತ್ರಗಳ ಹಿಂದೆ ಅಡಗಿತ್ತು, 'ತೋರಿಸು' ಒತ್ತಿದರೆ ಮಾತ್ರ ಕಾಣುತ್ತದೆ. ಸಹಾಯ ಪುಟದ ಮೊದಲ ಸಾಲಿನಲ್ಲೇ ಇದನ್ನು ಬರೆದಿದ್ದರೆ ನನಗೆ ಒಂದು ರಾತ್ರಿ ಉಳಿಯುತ್ತಿತ್ತು, ಅಲ್ವಾ?

ಎರಡನೇ ರಾತ್ರಿ ಲಾಗಿನ್ ಆಯಿತು, ಫೋಲ್ಡರ್ ಪಟ್ಟಿ ಬರಲಿಲ್ಲ. ಇದು ನನ್ನದೇ ತಪ್ಪು. ಯಾರೋ ಹೇಳಿದರಂತ ಆಕ್ಟಿವ್ ಮೋಡ್ ಹಾಕಿದ್ದೆ. ಎಫ್‌ಟಿಪಿಗೆ ಎರಡು ದಾರಿ ಬೇಕು: ಆಜ್ಞೆಗೆ ಒಂದು, ಫೈಲಿಗೆ ಇನ್ನೊಂದು. ಆಜ್ಞೆ ಪೋರ್ಟ್ 21ರ ಮೂಲಕ ಹೋಗುತ್ತದೆ. ಆಕ್ಟಿವ್ ಮೋಡಿನಲ್ಲಿ ಎರಡನೇ ದಾರಿಯನ್ನು ಸರ್ವರೇ ನಮ್ಮ ಕಡೆಗೆ ತೆರೆಯಲು ಬರುತ್ತದೆ. ನಾನು ಕೂತಿದ್ದು ಮೊಬೈಲ್ ಹಾಟ್‌ಸ್ಪಾಟಿನ ಹಿಂದೆ, ಹೊರಗಿನವರಿಗೆ ಅಲ್ಲಿ ಬಾಗಿಲೇ ಇಲ್ಲ. ಪ್ಯಾಸಿವ್ ಮೋಡಿನಲ್ಲಿ ಎರಡೂ ದಾರಿಯನ್ನು ನಾವೇ ತೆರೆಯುತ್ತೇವೆ. ಅದಕ್ಕೆ ಬದಲಿಸಿದ ತಕ್ಷಣ ಪಟ್ಟಿ ಬಂತು.

ಮೂರನೇ ರಾತ್ರಿ ಎಲ್ಲ ಫೈಲು ಏರಿಸಿದೆ. ಸೈಟು ತೆರೆದರೆ ಕಂಪನಿಯ ಸ್ವಾಗತ ಪುಟವೇ ನಗುತ್ತಿತ್ತು. ಫೈಲುಗಳನ್ನು ಹೊರಗಿನ ಫೋಲ್ಡರಿನಲ್ಲಿ ಸುರಿದಿದ್ದೆ. ಇಲ್ಲಿ ಅವು 'ಎಚ್‌ಟಿಡಾಕ್ಸ್' ಒಳಗೆ ಹೋಗಬೇಕು, ಬೇರೆ ಕಡೆ ಅದೇ 'ಪಬ್ಲಿಕ್ ಎಚ್‌ಟಿಎಂಎಲ್' ಅಂತ ಇರುತ್ತದೆ. ಆಮೇಲೂ ಅರ್ಧ ಕೊಂಡಿ ತೆರೆಯಲಿಲ್ಲ. ಲಿನಕ್ಸ್ ಸರ್ವರಿಗೆ ದೊಡ್ಡ ಎಬಿಸಿಡಿ ಬೇರೆ, ಸಣ್ಣ ಎಬಿಸಿಡಿ ಬೇರೆ. ನನ್ನ ವಿಂಡೋಸಿಗೆ ಎರಡೂ ಒಂದೇ. ಅವತ್ತಿನಿಂದ ಫೈಲ್ ಹೆಸರೆಲ್ಲ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ.

ಇಷ್ಟಾದ ಮೇಲೆ ತಕರಾರು ಕಡಿಮೆ. ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರಿನಲ್ಲಿ ಲಾಗಿನ್ ವಿವರ ಉಳಿಸಿಕೊಂಡಿದ್ದೇನೆ, ಎಡಗಡೆಯ ನನ್ನ ಫೋಲ್ಡರಿನಿಂದ ಬಲಗಡೆಯ ಸರ್ವರಿಗೆ ಎಳೆದರೆ ಮುಗಿಯಿತು. ಸೇವೆಯಲ್ಲಿ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್‌ಎಫ್‌ಟಿಪಿ ಇಲ್ಲ, ಇದು ನಿಜವಾದ ಕೊರತೆ. ಬರೀ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಗುಪ್ತವಿಲ್ಲದೆ ಹೋಗುತ್ತದೆ. ಟಿಎಲ್‌ಎಸ್ (ಗುಪ್ತಲಿಪಿಯ ಹೊದಿಕೆ) ಜೊತೆಗಿನ ಎಫ್‌ಟಿಪಿ ಇರುವುದರಿಂದ ಅದನ್ನೇ ಆರಿಸಿಕೊಂಡೆ. ಒಂದು ಫೈಲು 10 ಎಂಬಿ ದಾಟುವಂತಿಲ್ಲ. ಪ್ರಶ್ನೆಪತ್ರಿಕೆಯನ್ನು ಬಣ್ಣ ಬಿಟ್ಟು ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಕಾಗುತ್ತದೆ.

ಕರೆಂಟಿನ ಕಥೆ ಬೇರೆ. ಬೇಸಿಗೆಯಲ್ಲಿ ಫೈಲು ಅರ್ಧ ಏರಿದಾಗಲೇ ಕರೆಂಟ್ ಹೋಗುತ್ತದೆ. ಒಮ್ಮೆ ಹಾಗಾದದ್ದು ನನಗೆ ಗೊತ್ತೇ ಆಗಲಿಲ್ಲ. ಮರುದಿನ ಜೇವರ್ಗಿ ಕಡೆಯ ಹುಡುಗ ಫೋನ್ ಮಾಡಿದ: "ಸರ್, ಫೈಲ್ ಓಪನ್ ಆಗವಲ್ದು ರೀ." ನೋಡಿದರೆ ಅರ್ಧ ಪಿಡಿಎಫ್. ಈಗ ಏರಿಸಿದ ಮೇಲೆ ಎರಡೂ ಕಡೆಯ ಸೈಜು ಹೋಲಿಸುತ್ತೇನೆ. ನಡುವೆ ನಿಂತಿದ್ದರೆ ಮತ್ತೆ ಎಳೆದಾಗ ಫೈಲ್‌ಜಿಲ್ಲಾ ಕೇಳುತ್ತದೆ, ಆಗ 'ರೆಸ್ಯೂಮ್' ಒತ್ತಿದರೆ ಉಳಿದದ್ದಷ್ಟೇ ಹೋಗುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು ಹೋದ ವರ್ಷ ಮೇನಲ್ಲಿ. ಕ್ಲಾಸಿಗೆ ರಜೆ, ಹೊರಗೆ ಉರಿಬಿಸಿಲು, ನಾನು ಪ್ಯಾನೆಲ್ ಕಡೆ ತಲೆ ಹಾಕಲಿಲ್ಲ. ಜೂನ್‌ನಲ್ಲಿ ನೋಡಿದರೆ ಬಳಕೆಯಿಲ್ಲವೆಂದು ಖಾತೆ ಅಳಿಸಿದ್ದರು. ಎಚ್ಚರಿಕೆಯ ಮೇಲ್ ಸ್ಪ್ಯಾಮಿನಲ್ಲಿ ಬಿದ್ದಿತ್ತು. ಸಿಟ್ಟು ಬಂತು, ಆದರೆ ನಿಯಮದಲ್ಲಿ ಅದನ್ನು ಬರೆದೇ ಇದ್ದರು. ಪೆನ್‌ಡ್ರೈವಿನಲ್ಲಿ ಪ್ರತಿ ಇತ್ತು, ಹೊಸ ಖಾತೆಗೆ ಇಪ್ಪತ್ತು ನಿಮಿಷದಲ್ಲಿ ಎಲ್ಲ ಏರಿಸಿದೆ. ಸರ್ವರ್ ಹೆಸರೂ ಯೂಸರ್‌ನೇಮೂ ಬದಲಾಗಿದ್ದವು. ಹಳೆಯದನ್ನೇ ಬಳಸಿ ಮತ್ತೊಮ್ಮೆ 530 ತಿಂದದ್ದೂ ಆಯಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅಂಗಡಿ ನಡೆಸುವವರು, ಗಿರಾಕಿಗಳ ವಿವರ ಇಡುವವರು ಇದರ ಗೊಡವೆಗೆ ಹೋಗಬೇಡಿ, ದುಡ್ಡು ಕೊಟ್ಟೇ ತಗೊಳ್ಳಿ. ನನ್ನ ಪಿಡಿಎಫ್‌ಗಳಿಗೆ ಇದು ಸಾಕು. ಈ ವರ್ಷ ಏಪ್ರಿಲ್‌ನಲ್ಲೇ ಮೊಬೈಲಿನಲ್ಲಿ ಹದಿನೈದು ದಿನಕ್ಕೊಂದು ಅಲಾರಂ ಇಟ್ಟೆ: 'ಪ್ಯಾನೆಲ್ ಲಾಗಿನ್'. ಅದು ಹೊಡೆದಾಗಲೆಲ್ಲ ಮನೆಯಾಕೆ ಕೇಳುತ್ತಾಳೆ, "ಯಾರ್ದು ಬರ್ತ್‌ಡೇ ಅದ?"